ಅತ್ತೆಯ ಸಾಲು

ಚಳಿ ಮುಗಿದು ಗಾಳಿ ಒಣಗತೊಡಗಿದ್ದ ದಿನಗಳು. ರಂಗದ ಹಿಂದಿನ ಕೋಣೆಯಲ್ಲಿ ಅಮ್ಮಣ್ಣಿ ಕಾಲು ಚಾಚಿ ಕೂತು, ತಾನು ಇಂದಿನಿಂದ ಆಡಬೇಕಾದ ಅತ್ತೆ ಪಾತ್ರದ ಉಡುಪಿನ ಸೊಂಟದ ಹೊಲಿಗೆ ಬಿಚ್ಚಿ ಸಡಿಲ ಮಾಡುತ್ತಿದ್ದಳು. ಇಷ್ಟು ವರ್ಷ ತಾನು ತೊಟ್ಟ, ಮಗಳ ಪಾತ್ರದ ನೀಲಿ ರೇಷ್ಮೆಯನ್ನು ಬೆಳಗ್ಗೆಯೇ ಬಿಗಿ ಮಾಡಿ ಹೊಸ ಹುಡುಗಿಗೆ ಕೊಟ್ಟಾಗಿತ್ತು.

"ಅಕ್ಕಾ, ನಿಮಗೆ ಬೇಜಾರಿಲ್ವಾ?" ಹುಡುಗಿ ಕನ್ನಡಿಯ ಮುಂದಿನಿಂದ ಕೇಳಿದಳು.

"ಬೇಜಾರು ಮಾಡ್ಕೊಂಡ್ರೆ ಸೊಂಟ ಇಳಿಯತ್ತಾ? ಆ ಕತ್ತರಿ ಕೊಡು ಇತ್ಲಾಗೆ."

ಆ ನಾಟಕ ಮಂಡಳಿ ಊರೂರಿಗೂ ಹೊತ್ತು ತಿರುಗುತ್ತಿದ್ದುದು ಒಂದೇ ಆಟವನ್ನು. ದೊಡ್ಡ ಬಂಗಲೆ, ಹಟಮಾರಿ ಮಗಳು, ಅವಳು ಮನಸ್ಸಿಟ್ಟ ಬಡ ಡ್ರೈವರ್, ಅವಳಿಗೆ ಬೇಡವಾದ ಸಾಹುಕಾರ ವರ, ಆ ವರನ ಆಸ್ತಿಗೆ ಬಾಯಿ ಬಿಡುವ ಸೋದರತ್ತೆ. "ಪಾತ್ರ ಬದಲಾಯ್ಸಿದ್ರೆ ಜನ ಕುರ್ಚಿ ಎಸೀತಾರೆ" ಎನ್ನುತ್ತಿದ್ದ ಯಜಮಾನರು ಪಾತ್ರಧಾರಿಗಳನ್ನು ಮಾತ್ರ ಬದಲಾಯಿಸುತ್ತಿದ್ದರು. ಹೆಸರಿಗಿಂತ ಪಾತ್ರವೇ ಹೆಚ್ಚು ಬಾಳಿಕೆ ಬಂದು, ಮಗಳ ಪಾತ್ರದವಳು ಎಲ್ಲರ ಬಾಯಲ್ಲೂ ಅಮ್ಮಣ್ಣಿಯಾಗಿದ್ದಳು. ಎರಡೇ ಅಂಗಿಗಳ ಒಡೆಯನಾದ ವರನ ಪಾತ್ರದವನು ಸಾಹುಕಾರನಾಗಿದ್ದ.

ಸಾಹುಕಾರನಿಗೆ ಇದು ಕೊನೆಯ ಆಟ. ಕೈ ನಡುಗುವ ರೋಗ ಹತ್ತಿ, ಅವನು ಹಿಡಿದ ಬಟ್ಟಲು ತಟ್ಟೆಯ ಮೇಲೆ ಹಲ್ಲು ಕಡಿದಂತೆ ಸದ್ದು ಮಾಡುತ್ತಿತ್ತು. ನಾಳೆ ತಂಗಿಯ ಮನೆಗೆ ಹೊರಟಿದ್ದ, ಅವಳ ಗಂಡನ ಅಂಗಡಿಯಲ್ಲಿ ಕೂರಲು.

ಎರಡನೆಯ ಅಂಕದಲ್ಲಿ ವರ ಚಹಾ ಹಿಡಿದು ಬಂದು, "ನನ್ನನ್ನು ಮದುವೆಯಾಗುತ್ತೀರಾ?" ಎಂದು ಕೇಳಬೇಕು. ಅತ್ತೆ, "ಇಂಥ ಗಂಡು ಮತ್ತೆ ಸಿಗೋದಿಲ್ಲ, ಹೂಂ ಅನ್ನು" ಎಂದು ಒತ್ತಾಯಿಸಬೇಕು. ಮಗಳು, "ಚಹಾ ಆರಿಹೋಗುತ್ತಿದೆ" ಎಂದು ಮುಖ ತಿರುಗಿಸಬೇಕು. ಜನ ನಗುತ್ತಿದ್ದರು, ವರ ತಲೆಬಾಗಿ ಹಿಂದೆ ಸರಿಯುತ್ತಿದ್ದ.

ಹಿಂದೊಮ್ಮೆ ಪೆಟ್ಟಿಗೆಗಳ ಸಂದಿಯಲ್ಲಿ, ಬಣ್ಣ ಹಚ್ಚದ ಮುಖದಲ್ಲಿ ನಿಂತು ಸಾಹುಕಾರ ಅದೇ ಮಾತು ಕೇಳಿದ್ದ. ತಾಲೀಮು ಅಂದುಕೊಂಡ ಅಮ್ಮಣ್ಣಿ ಇಸ್ತ್ರಿಯಿಂದ ತಲೆಯೆತ್ತದೆ, "ಚಹಾ ಆರಿಹೋಗುತ್ತಿದೆ" ಎಂದುಬಿಟ್ಟಿದ್ದಳು. ಅವನು ಆಟದಲ್ಲಿದ್ದಂತೆಯೇ ತಲೆಬಾಗಿ ಸರಿದುಹೋದ. ಅಂದಿನ ಪ್ರದರ್ಶನದಲ್ಲಿ ಆ ಪ್ರಶ್ನೆ ಅವನ ಗಂಟಲಿನಿಂದ ಹೊರಡಲೇ ಇಲ್ಲ. "ಮದುವೆಯಾಗುತ್ತೀರಾ ಅಂತ ತಾನೇ ನಿಮ್ಮ ಪ್ರಶ್ನೆ?" ಎಂದು ಅವಳೇ ಕೇಳಿ ಆಟ ಉಳಿಸಿದಳು. ಜನರ ನಗುವಿನ ನಡುವೆ ಅವನ ಕಣ್ಣು ನೋಡಿದಾಗಲೇ ಅವಳಿಗೆ ತಿಳಿದದ್ದು, ಅದು ತಾಲೀಮಾಗಿರಲಿಲ್ಲ.

ಒಬ್ಬರು ಮರೆತ ಮಾತನ್ನು ಇನ್ನೊಬ್ಬರು ಆಡಿ ಕಾಪಾಡಿದರೆ, ಮರೆತವರ ಮೇಲೆ 'ಒಂದು ಸಾಲು ಸಾಲ' ಎನ್ನುವುದು ಮಂಡಳಿಯ ರೂಢಿ. "ನಿಮ್ದೊಂದು ಸಾಲು ನನ್ ಮೇಲಿದೆ" ಎಂದು ಸಾಹುಕಾರ ಆಗಾಗ ನಗುತ್ತ ನೆನಪಿಸುತ್ತಿದ್ದ. ಅವನು ತೀರಿಸೋಣವೆಂದರೆ ಅವಳು ಎಂದೂ ಮಾತು ಮರೆಯಲಿಲ್ಲ. ಅವನೂ ಆಟದ ಹೊರಗೆ ಮತ್ತೆ ಎಂದೂ ಕೇಳಲಿಲ್ಲ. ಅಂದು ತಾಲೀಮು ಅಂದುಕೊಂಡಿದ್ದೆ ಎಂದು ಹೇಳಲು ಅವಳು ಬಾಯಿ ತೆರೆದಾಗಲೆಲ್ಲ ಯಾರಾದರೊಬ್ಬರು ಪರದೆಯ ಹಗ್ಗ ಹಿಡಿದು ನಡುವೆ ಬರುತ್ತಿದ್ದರು. ಆಮೇಲೆ ಹೇಳುವ ವಯಸ್ಸೇ ದಾಟಿತು ಅನಿಸಿತ್ತು.

ಇವತ್ತು ಅತ್ತೆಯ ಮಾತು ತನ್ನದು. ಹುಡುಗಿಯ ಕಡೆ ನೋಡದೆ, ಅವನ ಮುಖ ನೋಡಿಯೇ ಆಡಬೇಕು. ಅವನಿಗೆ ಅರ್ಥವಾಗಲು ಅಷ್ಟು ಸಾಕು. ಅಮ್ಮಣ್ಣಿ ದಾರ ಕಚ್ಚಿ ತುಂಡರಿಸಿದಳು.

ಸಂಜೆ ಎರಡನೆಯ ಅಂಕದಲ್ಲಿ ಸಾಹುಕಾರ ಸದ್ದು ಮಾಡುವ ಬಟ್ಟಲು ಹಿಡಿದು ಬಂದ. "ನನ್ನನ್ನು ಮದುವೆಯಾಗುತ್ತೀರಾ?"

ಅಮ್ಮಣ್ಣಿ ಕುರ್ಚಿಯಲ್ಲಿ ಕಾದಳು. ಇಷ್ಟು ವರ್ಷವೂ ಈ ಜಾಗದಲ್ಲಿ ಅವಳು ಕಾಯುತ್ತಿದ್ದುದು ಹೀಗೆಯೇ, ಅತ್ತೆ ಮಾತಾಡಲಿ ಎಂದು. ಅತ್ತೆ ಮಾತಾಡಲಿಲ್ಲ. ನೀಲಿ ರೇಷ್ಮೆಯ ಹುಡುಗಿ ಕಣ್ಣು ಪಿಳುಕಿಸುತ್ತ ತನ್ನನ್ನೇ ನೋಡುತ್ತಿದ್ದಾಳೆ. ಈಗ ಅತ್ತೆ ತಾನೇ ಎಂಬುದು ಆಗಷ್ಟೇ ಹೊಳೆಯಿತು. ಗಾಬರಿಯಲ್ಲಿ ನಾಲಿಗೆ ತನಗೆ ಗೊತ್ತಿದ್ದ ದಾರಿಯನ್ನೇ ಹಿಡಿಯಿತು.

"ಚಹಾ ಆರಿಹೋಗುತ್ತಿದೆ."

ತನ್ನ ಮಾತು ಕಳೆದುಕೊಂಡ ಹುಡುಗಿ ಬೆಪ್ಪಾಗಿ ನಿಂತಳು. ಸಾಹುಕಾರ ಕ್ಷಣ ಹೊತ್ತು ಅಮ್ಮಣ್ಣಿಯನ್ನು ನೋಡಿದ. ಆಮೇಲೆ ಹುಡುಗಿಯ ಕಡೆ ಹೊರಳಿ ಗಂಟಲು ಸರಿಮಾಡಿಕೊಂಡ.

"ಅತ್ತೆಯವರಿಗೆ ನಾಚಿಕೆ. ಅವರ ಮಾತನ್ನೂ ನಾನೇ ಹೇಳ್ತೀನಿ. ಇಂಥ ಗಂಡು ಮತ್ತೆ ಸಿಗೋದಿಲ್ಲ, ಹೂಂ ಅನ್ನು."

ಜನ ಬಿದ್ದು ಬಿದ್ದು ನಕ್ಕರು. ಆ ಆಟದಲ್ಲಿ ಅಂಥ ನಗು ಹಿಂದೆಂದೂ ಎದ್ದಿರಲಿಲ್ಲ. ಸಾಹುಕಾರ ತಲೆಬಾಗಿ ಹಿಂದೆ ಸರಿದ.

ಆಟ ಮುಗಿದ ಮೇಲೆ ಅವನು ಮುಖದ ಬಣ್ಣ ಒರೆಸಿಕೊಂಡು, ಚೀಲ ಹೆಗಲಿಗೇರಿಸಿ ಅವಳ ಕೋಣೆಯ ಬಾಗಿಲಿಗೆ ಬಂದ.

"ನಿಮ್ ಸಾಲು ತೀರಿಸ್ದೆ ನೋಡಿ. ಇಟ್ಕೊಂಡು ಹೋಗ್ತೀನೇನೋ ಅಂತಿದ್ದೆ."

"ನಾನು ಇವತ್ತು..." ಅಮ್ಮಣ್ಣಿ ಎದ್ದು ನಿಂತಳು.

"ಬಿಡಿ, ಮೊದಲನೇ ದಿನ. ಅತ್ತೆ ಪಾತ್ರ ನಾಲಿಗೆಗೆ ಹೊಂದ್ಕೋಬೇಕಲ್ಲ." ಅವನು ನಕ್ಕ. ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಿದ್ದ. "ಬೆಳಗ್ಗೆ ನೀವು ಏಳೋದ್ರೊಳಗೆ ಬಸ್ಸು. ಬರ್ಲಾ?"

"ಹೂಂ," ಅಂದಳು ಅಮ್ಮಣ್ಣಿ.

ಅವನ ಹೆಜ್ಜೆ ಮರದ ಮೆಟ್ಟಿಲಿಳಿದು, ಮಣ್ಣಿನ ಮೇಲೆ ಸದ್ದು ಕಳೆದುಕೊಂಡಿತು. ಹುಡುಗಿ ಬಿಚ್ಚಿ ಎಸೆದಿದ್ದ ನೀಲಿ ರೇಷ್ಮೆ ಕುರ್ಚಿಯ ಮೇಲಿತ್ತು. ಅಮ್ಮಣ್ಣಿ ಅದನ್ನು ಕೊಡವಿ, ಮಡಿಸಿ ಪೆಟ್ಟಿಗೆಯಲ್ಲಿಟ್ಟಳು. ಮೇಲೆ ಆಟದ ಬಟ್ಟಲನ್ನಿಡಲು ಹೋಗಿ, ಒಳಗೊಮ್ಮೆ ಇಣುಕಿದಳು. ಎಂದಿನಂತೆ ಅದರಲ್ಲಿ ಏನೂ ಇರಲಿಲ್ಲ.