ಮುಖ್ಯ ವಿಷಯವೇನೆಂದರೆ

"ಹಾಗಲ್ಲ ಕಣೋ, ತಿರುಗಿಸು. ಸ್ಪ್ರಿಂಗ್ ಇರೋ ಕಡೆ ಎಂಜಿನ್ ಒಳಕ್ಕೆ ಹೋಗ್ಬೇಕು."

ತಾಯಿಯ ಮಾತಿಗೆ ಮಗ ಹೊಸ ಥರ್ಮೋಸ್ಟಾಟನ್ನು ಮಗುಚಿ ನೋಡಿದ. ಅಂಗೈಯಗಲವೂ ಇಲ್ಲದ ಲೋಹದ ಬಿಲ್ಲೆ, ಬೆನ್ನಿಗೊಂದು ಸ್ಪ್ರಿಂಗು. ಎಂಜಿನ್ ಕಾದಾಗ ಬಾಯಿಬಿಟ್ಟು ಬಿಸಿನೀರು ರೇಡಿಯೇಟರಿಗೆ ಹೋಗಿ ತಂಪಾಗಲು ದಾರಿ ಕೊಡುವುದಷ್ಟೇ ಅದರ ಕೆಲಸ. ಹಳೆಯದು ಬಾಯಿಬಿಡದೆ ಕಚ್ಚಿಕೊಂಡಿತ್ತು. ಹಿಂದಿನ ದಿನ ಆಸ್ಪತ್ರೆಯಿಂದ ಅಪ್ಪನ ದೇಹ ತರುವಾಗ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೇರಿ, ದಾರಿಯಲ್ಲಿ ವ್ಯಾನು ನಿಲ್ಲಿಸಿಕೊಂಡು ಕೂರಬೇಕಾಗಿತ್ತು.

"ಸ್ಮಶಾನಕ್ಕೆ ಸ್ಕೂಲ್ ಮಕ್ಕಳ ವ್ಯಾನಲ್ಲೇ ಕರ್ಕೊಂಡು ಹೋಗ್ಬೇಕಾ? ಬೇರೆ ಗಾಡಿ ಸಿಗಲ್ವಾ?" ಗೇಟಿನ ಬಳಿ ಕುರ್ಚಿ ಹಾಕಿಕೊಂಡಿದ್ದ ಅತ್ತಿಗೆ ಕೇಳಿದರು. ಸತ್ತವನ ಅಕ್ಕ ಅವರು.

"ಬೇರೆಯವರು ಓಡಿಸೋ ಗಾಡೀಲಿ ಅವರು ಯಾವತ್ತು ನೆಮ್ಮದಿಯಾಗಿ ಕೂತಿದ್ರು ಅತ್ತಿಗೆ? ಬಸ್ಸಲ್ಲೂ ಕಾಲಲ್ಲಿ ಬ್ರೇಕ್ ಒತ್ತೋರು."

ಅತ್ತಿಗೆಗೆ ನಗು ಬಂದುಬಿಟ್ಟಿತು. ಒಳಗೆ ತಮ್ಮನ ದೇಹ ಮಲಗಿಸಿರುವುದು ನೆನಪಾಗಿ ಬಾಯಿಗೆ ಕೈ ಅಡ್ಡ ಹಿಡಿದರು.

ಮಗ ಬೋಲ್ಟು ಬಿಗಿದ. ತಾಯಿ ಎಂಜಿನ್ ತಣ್ಣಗಿಡುವ ಹಸಿರು ಕೂಲೆಂಟನ್ನು ಮಗುವಿಗೆ ಹಾಲು ಕುಡಿಸುವವಳಂತೆ ಮೆಲ್ಲಗೆ ಸುರಿದಳು. ಎಂಜಿನ್ ಚಾಲೂ ಮಾಡಿದಾಗ ರೇಡಿಯೇಟರಿನ ತೆರೆದ ಬಾಯಲ್ಲಿ ಗುಳ್ಳೆಗಳೆದ್ದವು.

"ಮುಚ್ಚಲಾ ಅಮ್ಮ?"

"ಇರು. ಒಳಗಿನ ಗಾಳಿಯೆಲ್ಲ ಬರಲಿ, ಉಳಿದ್ರೆ ಎಂಜಿನ್ ಕಾಯುತ್ತೆ."

"ಚಿಕ್ಕಪ್ಪ ಆವತ್ತು ಕಾಯದೆ ಮುಚ್ಚಿದ್ದಕ್ಕೇ ಅಲ್ವಾ ಎಂಜಿನ್ ಹೋಗಿದ್ದು?"

ಅವಳ ನಿದ್ದೆಗೆಟ್ಟ ಕಣ್ಣು ಗುಳ್ಳೆಗಳ ಮೇಲೇ ಇತ್ತು.

*

ಆಗ ಮಗನಿನ್ನೂ ಶಾಲೆಯ ಹುಡುಗ. ಇದೇ ಅಂಗಳದಲ್ಲಿ ಅವಳ ಗಂಡ ಥರ್ಮೋಸ್ಟಾಟ್ ಕೂರಿಸಿದ್ದ, ಅವನ ತಮ್ಮ ಕೂಲೆಂಟ್ ತುಂಬಿಸಿದ್ದ. ಮರುದಿನ ವ್ಯಾನಿನ ತುಂಬ ಮಕ್ಕಳು ಕೂತಿದ್ದಾಗ, ಏರಿನಲ್ಲಿ ಹಬೆಯೆದ್ದು ಎಂಜಿನ್ ಬಿರುಕುಬಿಟ್ಟಿತು.

"ಗುಳ್ಳೆ ನಿಲ್ಲೋ ತನಕ ಕಾಯಕ್ಕಾಗದೋನು ನನ್ನ ಗಾಡಿ ಮುಟ್ಬೇಡ!" ಬೀದಿಗೆಲ್ಲ ಕೇಳಿತು.

"ಕಾದಿದ್ದೆ ಅಣ್ಣ. ಆಣೆ ಮಾಡಿ ಹೇಳ್ತೀನಿ."

"ಮಕ್ಕಳನ್ನ ಕೊಲ್ತಿದ್ಯಲ್ಲೋ!"

ತಮ್ಮ ಚೀಲ ಹೆಗಲಿಗೇರಿಸಿ ಹೊರಟವನು ಮತ್ತೆ ಈ ಕಡೆ ತಲೆಹಾಕಲಿಲ್ಲ.

ರಿಪೇರಿಗೆಂದು ಗಂಡ ಎಂಜಿನ್ ಬಿಚ್ಚಿದಾಗ ಟಾರ್ಚ್ ಹಿಡಿದಿದ್ದವಳು ಅವಳೇ. ಥರ್ಮೋಸ್ಟಾಟಿನ ಸ್ಪ್ರಿಂಗು ಹೊರಕ್ಕೆ ಮುಖ ಮಾಡಿತ್ತು. ತಿರುಗಾಮುರುಗಾ ಕೂರಿಸಿದ್ದ ಕೈ ಯಾರದೆಂದು ಹೇಳಬೇಕಿರಲಿಲ್ಲ. ಅವನು ಬಹಳ ಹೊತ್ತು ನೋಡಿದ.

"ಟಾರ್ಚ್ ಸರಿಯಾಗಿ ಹಿಡಿಯೇ," ಎಂದ. ಟಾರ್ಚ್ ಅಲುಗಿರಲಿಲ್ಲ.

ಅವಳು ಬಿಡಲಿಲ್ಲ. ಒಂದು ಭಾನುವಾರ ಕಾಗದ, ಪೆನ್ನು ತಂದು ಅವನ ಮುಂದಿಟ್ಟಳು. ಅವನು ಲಕೋಟೆಯ ಮೇಲೆ ವಿಳಾಸ ಬರೆದು, ಒಳಗಿನ ಹಾಳೆಯಲ್ಲಿ, 'ತಮ್ಮನಿಗೆ ಆಶೀರ್ವಾದಗಳು. ನಾವೆಲ್ಲ ಕ್ಷೇಮ. ಮುಖ್ಯ ವಿಷಯವೇನೆಂದರೆ' ಎಂದು ಬರೆದು ನಿಲ್ಲಿಸಿದ. ಶಾಲೆಯ ಮಗುವನ್ನು ವ್ಯಾನಿನಿಂದ ಮನೆ ಬಾಗಿಲಲ್ಲಿ ಇಳಿಸಿದರೆ, ಅದು ಒಳಗೆ ಹೋಗಿ ಕಿಟಕಿಯಿಂದ ಕೈಯಾಡಿಸುವ ತನಕ ಗೇರು ಹಾಕದ ಮನುಷ್ಯ. ಆದರೆ ಆ ಸಾಲಿನ ಮುಂದಿನ ಮಾತು ಅವನಿಂದ ಬರಲಿಲ್ಲ. ಕೇಳಿದಾಗೆಲ್ಲ "ಬರೀತೀನಿ, ಬರೀತೀನಿ" ಅನ್ನುತ್ತಿದ್ದ. ಮಗನಿಗೆ ಮೀಸೆ ಬಂತು, ಅವನ ಮೀಸೆ ನರೆಯಿತು.

*

"ತಪ್ಪು ಚಿಕ್ಕಪ್ಪಂದಲ್ಲ," ಎಂದಳು ಅವಳು. "ನಿಮ್ಮಪ್ಪ ಇದನ್ನ ಉಲ್ಟಾ ಹಾಕಿದ್ರು. ಆಮೇಲೆ ಗೊತ್ತಾಯ್ತು ಅವರಿಗೆ. ನಂಗೂ ಗೊತ್ತಿತ್ತು."

ಮಗನ ಕೈಯಲ್ಲಿ ಮುಚ್ಚಳ ಹಾಗೇ ನಿಂತಿತು. ಅತ್ತಿಗೆ ಕುರ್ಚಿಯಿಂದ ಎದ್ದರು.

"ಹೆಣ ಇನ್ನೂ ಮನೇಲಿದೆ ಕಣೇ! ಸತ್ತವನ ಮೇಲೆ ಗೂಬೆ ಕೂರಿಸ್ತೀಯಾ?"

"ಆ ಗೂಬೆ ಇಷ್ಟು ವರ್ಷ ಬದುಕಿರೋನ ಮೇಲೆ ಕೂತಿತ್ತಲ್ಲ ಅತ್ತಿಗೆ. ಅವನು ಈಗ ಎಲ್ಲಿದಾನೆ? ನಿಮಗೆ ಗೊತ್ತಿದೆ ಅಂತ ನಂಗೊತ್ತು."

"ನಂಗೇನೂ ಗೊತ್ತಿಲ್ಲ. ಒಳ್ಳೇ ಮನುಷ್ಯ ಅನ್ನಿಸ್ಕೊಂಡು ಹೋಗ್ಲಿ ಅವನು. ಬಿಟ್ಬಿಡು."

"ಒಳ್ಳೇ ಮನುಷ್ಯನೇ," ಎಂದಳು ಅವಳು, ದಣಿದ ದನಿಯಲ್ಲಿ.

ಗುಳ್ಳೆ ನಿಂತಿತ್ತು. ಮುಚ್ಚಳ ಬಿಗಿದಳು.

ಸ್ಮಶಾನದ ದಾರಿಯುದ್ದಕ್ಕೂ ಮುಳ್ಳು ನಡುಮಧ್ಯ ಬಿಟ್ಟು ಕದಲಲಿಲ್ಲ. ಮಣ್ಣು ಹಾಕಿದ ಮೇಲೆ ವ್ಯಾನಿನ ಮಕ್ಕಳ ತಾಯಂದಿರು, "ಒಂದಿನ ಹಾರ್ನ್ ಹೊಡೆದು ಅವಸರ ಮಾಡಿದೋರಲ್ಲ," ಎಂದು ಕಣ್ಣೊರೆಸಿಕೊಂಡರು. ಅತ್ತಿಗೆ ಅವಳ ಕಡೆ ನೋಡಿದರು. ಅವಳು ತಲೆಯಾಡಿಸಿದಳು, ಅದೂ ನಿಜವೇ.

ಮನೆಗೆ ಬಂದವಳು ಬಟ್ಟೆ ಬದಲಾಯಿಸಿ, ಬೀರುವಿನಿಂದ ಲಕೋಟೆ ತೆಗೆದಳು. ಗಂಡನ ಅಕ್ಷರ ನಿಂತಲ್ಲಿಂದ ಮುಂದುವರಿಸಿದಳು: 'ತಪ್ಪು ನಿನ್ನದಲ್ಲ. ಥರ್ಮೋಸ್ಟಾಟನ್ನು ಉಲ್ಟಾ ಹಾಕಿದವರು ನಿಮ್ಮಣ್ಣ. ಹೇಳಲು ಅವರ ಬಾಯಿ ಏಳಲಿಲ್ಲ. ನಾನೂ ಹೇಳಲಿಲ್ಲ. ಇವತ್ತು ಅವರನ್ನು ಮಣ್ಣು ಮಾಡಿ ಬಂದೆವು. ಇಲ್ಲಿ ಬರೆದಿರುವುದು ನಾನು, ನಿನ್ನ ಅಣ್ಣನ ಹೆಂಡತಿ.'

ಬೀದಿಯ ಕೊನೆಯ ಅಂಚೆಡಬ್ಬಿ ಮುಟ್ಟುವಷ್ಟರಲ್ಲಿ ಹಿಂದಿನಿಂದ ಏದುಸಿರು ಕೇಳಿಸಿತು.

"ಯಾವ ವಿಳಾಸಕ್ಕೆ ಹಾಕ್ತಿದೀಯ? ಆ ಬಾಡಿಗೆ ಮನೆ ಬಿಟ್ಟು ಯಾವ ಕಾಲ ಆಯ್ತು! ಪೆನ್ ಇದ್ಯಾ?"

ಅತ್ತಿಗೆ ಹಳೆಯ ವಿಳಾಸ ಹೊಡೆದುಹಾಕಿ, ಡಬ್ಬಿಯ ನೆತ್ತಿಯ ಮೇಲೆ ಲಕೋಟೆಯಿಟ್ಟು, ಮನೆ ನಂಬರಿನಿಂದ ಪಿನ್‌ಕೋಡಿನ ತನಕ ಎಲ್ಲೂ ತಡೆಯದೆ ಬರೆದರು. ಈ ವಿಳಾಸ ಯಾವಾಗಿನಿಂದ ಗೊತ್ತು ಎಂದು ಅವಳು ಕೇಳಲಿಲ್ಲ.

ಡಬ್ಬಿಯ ಬಾಯಿ ತುಕ್ಕು ಹಿಡಿದು ಕಿರಿದಾಗಿತ್ತು. ಲಕೋಟೆ ಅರ್ಧ ಹೋಗಿ ನಿಂತಿತು. ಅವಳು ಒತ್ತಿದಳು. ಅತ್ತಿಗೆಯ ಸುಕ್ಕುಗಟ್ಟಿದ ಬೆರಳು ಪಕ್ಕದಿಂದ ಬಂದು ಇನ್ನುಳಿದರ್ಧವನ್ನು ಒಳಕ್ಕೆ ನೂಕಿತು.