ಪೊಟ್ಟಣದ ಮೇಲಿನ ಬಣ್ಣ

ಬೀಜದ ಪೊಟ್ಟಣಗಳ ಮೇಲೆ ನಗುತ್ತಿರುತ್ತವಲ್ಲ, ಆ ಹೂವುಗಳ ಫೋಟೋ ತೆಗೆಯುವುದು ನನ್ನ ಕೆಲಸ. ಹನ್ನೊಂದು ವರ್ಷದಿಂದ ಒಂದೇ ಕಂಪನಿ. ಹೂವನ್ನು ಇದ್ದ ಹಾಗೆಯೇ ತೆಗೆಯುತ್ತೇನೆ. ಆಮೇಲೆ ಮಾರಾಟದ ಸಾಹೇಬರು ಬಂದು ನನ್ನ ಕುರ್ಚಿಯ ಹಿಂದೆ ನಿಲ್ಲುತ್ತಾರೆ.

"ಇನ್ನೂ ಸ್ವಲ್ಪ ಏರಿಸಿ ಮೇಡಂ."

ಕಂಪ್ಯೂಟರಿನಲ್ಲಿ ಬಣ್ಣ ಏರಿಸುತ್ತೇನೆ.

"ಇನ್ನೂ ಸ್ವಲ್ಪ."

ಗುಲಾಬಿ ಬಣ್ಣ ಕೆಂಪಾಗುತ್ತದೆ, ತಿಳಿ ನೇರಳೆ ಕಡು ನೇರಳೆಯಾಗುತ್ತದೆ, ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ಅಂಗಡಿಯಲ್ಲಿ ಪಕ್ಕದ ಪೊಟ್ಟಣಕ್ಕಿಂತ ನಮ್ಮದು ಎದ್ದು ಕಾಣಬೇಕು, ಅಷ್ಟೇ. ಇದರಿಂದ ಯಾರ ಗಂಟು ಹೋಗುತ್ತದೆ ಎಂದುಕೊಂಡಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ನಮ್ಮತ್ತೆ ಬಾಲ್ಕನಿಯ ಕುಂಡಗಳನ್ನೆಲ್ಲ ಎದುರು ಮನೆಯವಳಿಗೆ ದಾಟಿಸಿಬಿಟ್ಟಿದ್ದರು. ಉಳಿದಿದ್ದು ಆಸ್ಟರ್ ಹೂವಿನದೊಂದೇ.

"ಯಾಕತ್ತೆ, ಏನಾಯ್ತು?"

"ಕೈಗುಣ ಹೋಯ್ತು ಕಣೇ. ನಾನು ಒಣ ಕಡ್ಡಿ ನೆಟ್ರೂ ಚಿಗುರುತ್ತೆ ಅಂತಿದ್ರು ಜನ. ಈಗ ನೋಡು, ಮೂರು ವರ್ಷದಿಂದ ಒಂದು ಹೂವೂ ಸರಿಯಾದ ಬಣ್ಣಕ್ಕೆ ಬರ್ತಿಲ್ಲ. ಗೊಬ್ಬರ ಬದಲಾಯಿಸ್ದೆ, ಮಣ್ಣು ಬದಲಾಯಿಸ್ದೆ. ಕೆಟ್ಟಿರೋದು ನನ್ನ ಕೈ."

ಪೊಟ್ಟಣವನ್ನು ಹೂವಿನ ಪಕ್ಕ ಹಿಡಿದು ತೋರಿಸಿದರು. ಗಿಡದ ಹೂವು ತಿಳಿ ನೇರಳೆ, ತುಂಬು ಎಸಳು, ಹುಳು ಮುಟ್ಟಿದ ಗುರುತೂ ಇಲ್ಲ. ಮೂರು ವರ್ಷದಿಂದ ಆಫೀಸಿನ ಪೊಟ್ಟಣಗಳನ್ನು ಅವರಿಗೆ ತಂದು ಕೊಡುತ್ತಿದ್ದವಳು ನಾನೇ.

"ಪೊಟ್ಟಣದ ಬಣ್ಣ ಸ್ವಲ್ಪ ಹೆಚ್ಚು ಕಮ್ಮಿ ಇರಬಹುದಲ್ವಾ ಅತ್ತೆ?"

"ನೀನೇ ತೆಗೆದ ಫೋಟೋ ಅಲ್ವೇನೇ ಅದು? ಅದು ಹೇಗೆ ಸುಳ್ಳಾಗುತ್ತೆ?"

ಆಗಲೇ ಹೇಳಬೇಕಿತ್ತು. ನಾಚಿಕೆಯಿಂದ ಪೊಟ್ಟಣವನ್ನು ಇಸಿದುಕೊಂಡೆ, ಅಷ್ಟೇ. ಬರಿಗೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅವರು ಒಳಗೆ ಹೋದರು, ನನಗೆ ನನ್ನ ಮೇಲೇ ಸಿಟ್ಟು ಬಂತು.

ಆ ವಾರ ಹೊಸ ತಳಿಗಳ ಚಿತ್ರ ಕೊಡಬೇಕಿತ್ತು. ಅಟ್ಟದ ಮೇಲಿದ್ದ ಹಳೆಯ ಫಿಲ್ಮ್ ಕ್ಯಾಮೆರಾ ಇಳಿಸಿ, ಎಲ್ಲವನ್ನೂ ಕಪ್ಪು-ಬಿಳುಪಿನಲ್ಲಿ ತೆಗೆದು ಸಾಹೇಬರ ಮೇಜಿನ ಮೇಲಿಟ್ಟೆ. ಎಸಳಿನ ನರಗಳನ್ನು ಒಂದೊಂದಾಗಿ ಎಣಿಸಬಹುದಿತ್ತು.

"ಏನ್ ಮೇಡಂ ಇದು, ಹೂವಿಗೆಲ್ಲಾ ಜ್ವರ ಬಂದಿದ್ಯಾ?"

"ಬಣ್ಣ ಕೊಟ್ರೆ ನೀವು ಏರಿಸ್ತೀರಿ ಸರ್. ಇಲ್ಲದೇ ಇರೋ ಬಣ್ಣನ ಹೇಗೆ ಏರಿಸ್ತೀರೋ ನೋಡೋಣ."

"ಕಪ್ಪು ಹೂವನ್ನ ಯಾರ್ರೀ ಕೊಳ್ತಾರೆ? ಎಲ್ಲಾ ಕಂಪನಿಯವರೂ ಮಾಡೋದನ್ನೇ ನಾವೂ ಮಾಡ್ತಿರೋದು."

"ಅದಕ್ಕೇ ಮನೆಮನೆಯಲ್ಲೂ ಯಾರೋ ಒಬ್ರು ತಮ್ಮ ಕೈನ ತಾವೇ ಬೈಕೊಂಡು ಕೂತಿದ್ದಾರೆ. ನಾನಂತೂ ಇನ್ನು ಏರಿಸಲ್ಲ."

ಸಾಹೇಬರ ಮುಖದಿಂದ ನಗು ಹೋಯಿತು. "ಸಂಜೆಯೊಳಗೆ ಬಣ್ಣದ ಫೋಟೋ ಬರಬೇಕು. ಇಲ್ಲಾಂದ್ರೆ ಸ್ಟುಡಿಯೋ ಬೀಗದ ಕೈ ಬರಬೇಕು."

ಬೀಗದ ಕೈ ಚೀಲದಲ್ಲೇ ಇತ್ತು. ಸಂಜೆಯವರೆಗೆ ಅವರನ್ನು ಕಾಯಿಸುವುದೇಕೆ ಎಂದು ಆಗಲೇ ಕೊಟ್ಟು, ನನ್ನ ಚಿತ್ರಗಳನ್ನು ಎತ್ತಿಕೊಂಡು ಬಂದೆ. ಮೆಟ್ಟಿಲಿಳಿಯುವಾಗ ಒಳಗೊಳಗೇ ಬೀಗುತ್ತಿದ್ದೆ.

ಮನೆಗೆ ಬಂದು ಅತ್ತೆಗೆ ಒಂದೂ ಬಿಡದೆ ಹೇಳಿದೆ, ಕಪ್ಪು-ಬಿಳುಪು ಚಿತ್ರಗಳನ್ನೂ ಮುಂದಿಟ್ಟೆ. ಶಭಾಷ್ ಎನ್ನುತ್ತಾರೆಂದು ಆಸೆ ಇತ್ತು.

"ಅವತ್ತು ಪೊಟ್ಟಣ ಹಿಡಿದು ತೋರಿಸಿದಾಗ ನಿನ್ನ ನಾಲಿಗೆ ಬಿದ್ದುಹೋಗಿತ್ತಾ?" ಎಂದರು ಅತ್ತೆ.

ಅವರು ಚಿತ್ರಗಳನ್ನು ಒಂದೊಂದಾಗಿ ತಿರುವಿ ನೋಡಿ, ಕೊನೆಗೆ ಮಗುಚಿ ಇಟ್ಟರು.

"ಸುಳ್ಳು ಹೇಳಿದ್ದು ನೀನು, ನಿಮ್ಮ ಸಾಹೇಬ್ರು. ಬಣ್ಣ ಕಿತ್ಕೊಂಡಿದ್ದು ಹೂವಿಂದು. ಅದೇನು ತಪ್ಪು ಮಾಡಿತ್ತು?"

ತಿಳಿ ನೇರಳೆಯನ್ನು ತಿಳಿ ನೇರಳೆ ಎಂದೇ ತೋರಿಸುವ ಧೈರ್ಯ ನನಗೂ ಇರಲಿಲ್ಲ ಎನ್ನುವುದು ಆಗ ತಿಳಿಯಿತು.

ಅತ್ತೆ ಎದ್ದು ಬಾಲ್ಕನಿಗೆ ನಡೆದರು. ಆಸ್ಟರ್ ಹೂವಿನ ಹಿಂದೆ ಅಂಗೈ ಅಗಲಿಸಿ ಹಿಡಿದು ನನ್ನನ್ನು ಕರೆದರು.

"ತೆಗಿ. ಬಣ್ಣದಲ್ಲೇ ತೆಗಿ. ನನ್ನ ಕೈಯೂ ಬರಲಿ."

ಫೋನಿನಲ್ಲಿ ತೆಗೆದು ತೋರಿಸಿದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಹೂವನ್ನಲ್ಲ, ಉಗುರಿನ ಸಂದಿಯ ಮಣ್ಣನ್ನು, ಉಬ್ಬಿದ ಗೆಣ್ಣುಗಳನ್ನು.

"ಇಷ್ಟು ಮುದಿಯಾಗಿದ್ಯಾ ನನ್ನ ಕೈ?"

ಅಭ್ಯಾಸಬಲ, ನನ್ನ ಬೆರಳು ತಾನಾಗಿಯೇ ಚಿತ್ರ ತಿದ್ದುವ ಗುಂಡಿಯ ಕಡೆ ಹೋಯಿತು. ಅತ್ತೆ ಪಟ್ಟನೆ ಅದರ ಮೇಲೊಂದು ಏಟು ಕೊಟ್ಟರು.

"ಇರೋದೇ ಹಾಗೆ. ಕಳಿಸು ನಿಮ್ಮ ಸಾಹೇಬ್ರಿಗೆ."

ಹಾಗೆಯೇ ಕಳಿಸಿದೆ.