ಡ್ವೇನನ ಬೂಟಿಗೆ ಬಿದ್ದ ಬೀಗ

ಅಮೆರಿಕದ ರೆಂಟನ್ ಊರಿನ ಆಸ್ಪತ್ರೆಯೊಂದರಲ್ಲಿ ಹಾಸಿಗೆ ಬದಲಿಸಿ, ರೋಗಿಗಳ ಮೈ ಒರೆಸುವ ಕೆಲಸ ವಸಂತಲಕ್ಷ್ಮಿಯದು. ಒಂಬತ್ತು ವರ್ಷದಲ್ಲಿ ಯಾರ ಬಗ್ಗೆಯೂ ತಲೆ ಕೆಡಿಸಿಕೊಳ್ಳದವಳು ಹನ್ನೆರಡನೇ ರೂಮಿನ ಡ್ವೇನನ ಬಗ್ಗೆ ಕೆಡಿಸಿಕೊಂಡಳು.

ಆಳು ಎಷ್ಟು ಉದ್ದವೆಂದರೆ, ಮಲಗಿ ಕಾಲು ಚಾಚಿದರೆ ಕಾರಿಡಾರಿನಲ್ಲಿ ಓಡಾಟ ನಿಲ್ಲುತ್ತಿತ್ತು. ಅವನ ಒಂದು ಬೂಟಿನೊಳಗೆ ಊರಿನ ವಿಮಾನ ಫ್ಯಾಕ್ಟರಿಯ ಒಂದು ವಿಮಾನವನ್ನು ಮಳೆಗೆ ನೆನೆಯದಂತೆ ನಿಲ್ಲಿಸಬಹುದಿತ್ತು. ಪಕ್ಕದೂರು ಕೆಂಟ್‌ನ ಗೋಡೌನಿನಲ್ಲಿ ಮೂಟೆ ಹೊತ್ತು, ಬೆನ್ನುನೋವಿಗೆ ಮಾತ್ರೆ ನುಂಗಿ, ಕೊನೆಗೆ ಹೆರಾಯಿನ್ ಸೂಜಿಗೆ ಬಂದಿದ್ದ. ಸೂಜಿಯಿಂದ ಹೃದಯಕ್ಕೆ ಸೋಂಕು. ಆರು ವಾರ ಡ್ರಿಪ್ ಹಾಕಿಸಿಕೊಂಡರೆ ಬದುಕುತ್ತಾನೆ, ನಡುವೆ ಎದ್ದು ಹೋದರೆ ಇಲ್ಲ. ಹಿಂದೆ ಎರಡು ಸಲ ಎದ್ದು ಹೋಗಿದ್ದ.

ಈ ಸಲ ಚಟದವರಿಗೆಂದೇ ಹೊಸ ಟೀಮ್ ಬಂದಿತ್ತು. ಅದರ ಡಾಕ್ಟರ್ ಪಾವನಾ ದಿನಾ ಬೆಳಿಗ್ಗೆ ಅವನಿಗೆ ಮೆಥಡೋನ್ ಕೊಡಿಸುತ್ತಿದ್ದಳು; ಅದೂ ಹೆರಾಯಿನ್ ಜಾತಿಯದೇ, ಆದರೆ ಹೆರಾಯಿನ್ ಬಿಟ್ಟಾಗಿನ ನಡುಕ ತಡೆಯುವ ಔಷಧಿ.

"ಕುಡುಕನ ಮಂಚದ ಪಕ್ಕ ಬಾರ್ ತೆರೆದ ಹಾಗಾಯ್ತು," ಎಂದಳು ನರ್ಸ್ ವಿಜಯಶ್ರೀ. "ನಾವೇನು ನರ್ಸೋ, ಸಪ್ಲಯರ್ರೋ?"

"ಆ ನಡುಕ ತಡೀಲಾರ್ದೆ ತಾನೆ ಅವನು ಓಡಿಹೋಗ್ತಿದ್ದಿದ್ದು? ಶುಗರ್ ಇರೋರಿಗೆ ಇನ್ಸುಲಿನ್ ಕೊಡಲ್ವಾ ಅಕ್ಕ?" ಎಂದಳು ಪಾವನಾ.

ಇಬ್ಬರಿಗೂ ಹೌದು ಹೌದು ಎಂದು ತಲೆಯಾಡಿಸಿ ವಸಂತಲಕ್ಷ್ಮಿಗೆ ಕತ್ತುನೋವು ಬಂತು.

ಇಪ್ಪತ್ತನೆಯ ದಿನ ಡ್ವೇನ್ ಬೆಳಿಗ್ಗೆಯಿಂದ ಕಿಟಕಿಯಲ್ಲಿ ಬಸ್‌ಸ್ಟಾಪನ್ನೇ ನೋಡುತ್ತಿದ್ದ. ಹೊರಟೇಬಿಟ್ಟ ಎಂದು ಹೆದರಿದ ವಸಂತಲಕ್ಷ್ಮಿ, ವಾರ್ಡಿನ ಹಳೇ ಪದ್ಧತಿಯಂತೆ, ಯಾರಿಗೂ ಹೇಳದೆ ಅವನ ಬೂಟುಗಳನ್ನು ಬಟ್ಟೆ ಬೀರುವಿಗೆ ಹಾಕಿ ಬೀಗ ಜಡಿದಳು.

ಮಂಚದ ಕೆಳಗೆ ಬೂಟು ಕಾಣದೆ ಡ್ವೇನ್ ಎದ್ದು ನಿಂತ. "ನಾನೇನು ಕೈದಿನಾ? ಬರಿಗಾಲಲ್ಲೇ ಹೋಗ್ತೀನಿ."

"ಮೆಥಡೋನ್ ಕೊಟ್ರೂ ಅಷ್ಟೇ ಅಂತ ನಾನು ಹೇಳ್ಲಿಲ್ವಾ," ಎಂದಳು ವಿಜಯಶ್ರೀ.

ಪಾವನಾ ಓಡಿಬಂದಳು. "ಬೂಟು ಕೊಟ್ಬಿಡಿ ಅಕ್ಕ."

"ಕೊಟ್ರೆ ಹೋಗ್ತಾನಲ್ಲಮ್ಮ?"

"ಹೋಗ್ಬಹುದು."

ಹೋಗಬಾರದವನಿಗೆ ಬೂಟು ಕೊಡುವುದು ಯಾವ ಸೀಮೆ ವೈದ್ಯವೋ ವಸಂತಲಕ್ಷ್ಮಿಗೆ ತಿಳಿಯಲಿಲ್ಲ. ಆದರೂ ತಂದುಕೊಟ್ಟು, "ತಪ್ಪಾಯ್ತಪ್ಪ, ಹೆದರ್ಕೊಂಡ್ಬಿಟ್ಟೆ," ಎಂದಳು.

ಅವನು ಲೇಸು ಬಿಗಿದ. ಡ್ರಿಪ್ ಕಂಬ ತಳ್ಳಿಕೊಂಡು ಲಿಫ್ಟ್ ತನಕ ನಡೆದ. ಬಾಗಿಲು ತೆರೆಯಿತು, ಮುಚ್ಚಿತು. ಅವನು ವಾಪಸ್ ಬಂದು ಬೂಟುಗಾಲಲ್ಲೇ ಮಲಗಿದ. "ಮಗಳು ಬರ್ತೀನಿ ಅಂದಿದ್ಲು. ಬಸ್ ನೋಡ್ತಿದ್ದೆ, ಅಷ್ಟೆ."

ಅಂದಿನಿಂದ ಅವನು ಮಲಗುವಾಗಲೂ ಬೂಟು ಬಿಚ್ಚಲಿಲ್ಲ. ನಲವತ್ತೆರಡನೆಯ ದಿನ ಡ್ರಿಪ್ ತೆಗೆದು ಮನೆಗೆ ಕಳಿಸಿದರು.

"ಔಷಧಿಯಿಂದ ಉಳಿದ್ನೋ, ಬೂಟಿಂದ ಉಳಿದ್ನೋ?" ಎಂದಳು ವಿಜಯಶ್ರೀ.

"ನನಗೇನ್ ಗೊತ್ತೇ," ಎಂದಳು ವಸಂತಲಕ್ಷ್ಮಿ. "ದಿನಕ್ಕೆ ನಾಕು ಸಲ ಶೀಟು ಬದಲಾಯಿಸಿದ್ದು ಮಾತ್ರ ಗೊತ್ತು."